ತುರುಬಿನ ಪೆನ್ಸಿಲ್

ನಮ್ಮ ಮನೆಯಲ್ಲಿ ಅತ್ತೆಯ ಪೂಜೆ ಮುಗಿಯುವ ತನಕ ರೊಟ್ಟಿ ಬಡಿಯುವಂತಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮೊದಲನೇ ಬೆಳಗ್ಗೆಯೇ ಕಲಿತ ನಿಯಮ ಇದು. ಹಗರಿಬೊಮ್ಮನಹಳ್ಳಿ ಕಡೆಯ ನನ್ನ ತವರಿನಲ್ಲಿ ಬೆಳಗಾಯಿತೆಂದರೆ ಓಣಿಗೆಲ್ಲ ಕೇಳುವ ಹಾಗೆ ರೊಟ್ಟಿ ಬಡಿಯುವುದೇ ಹೆಣ್ಣುಮಕ್ಕಳ ಹೆಚ್ಚುಗಾರಿಕೆ. ಅದೇ ಹುರುಪಿನಲ್ಲಿ ಇಲ್ಲೂ ಎರಡು ರೊಟ್ಟಿ ಬಡಿದಿದ್ದೆ. ದೇವರ ಕೋಣೆಯಿಂದ ಅತ್ತೆ ಕೆಮ್ಮಿದರು. ಮೂರನೆಯದಕ್ಕೆ ಹಿಟ್ಟು ಮುರಿದುಕೊಳ್ಳುವಷ್ಟರಲ್ಲಿ ನಮ್ಮನೆಯವರು ಓಡಿ ಬಂದು ನನ್ನ ಕೈ ಹಿಡಿದರು. ಪ್ರೀತಿಗೆ ಹಿಡಿದರು ಅಂದುಕೊಂಡು ನಾನು ನಾಚಿಕೊಂಡೆ. ಅವರು ಸದ್ದು ಮಾಡಬೇಡ ಎಂದು ಹೇಳಲು ಬಂದಿದ್ದರು.

ಅತ್ತೆ ದಿನಾ ಏಳಕ್ಕೆ ಮಿಂದು, ಒದ್ದೆ ಕೂದಲು ಗಂಟು ಹಾಕಿಕೊಂಡು, ಮಣೆಯ ಮೇಲೆ ಕೂರುತ್ತಾರೆ. ಕೊರಳಿನ ಬೆಳ್ಳಿ ಕರಡಿಗೆ ತೆಗೆದು, ಅದರೊಳಗಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ, ಪತ್ರೆ, ಹೂವು ಏರಿಸುತ್ತಾರೆ. ಹಡಗಲಿ ಮಲ್ಲಿಗೆ ಸಿಕ್ಕ ದಿನ ಮಲ್ಲಿಗೆ, ಇಲ್ಲದ ದಿನ ಹಿತ್ತಲ ಕಣಗಿಲೆ. ಕೊನೆಗೆ ಹಿತ್ತಾಳೆಯ ಸಣ್ಣ ಗಂಟೆ ಬಾರಿಸಿದರೆ ಪೂಜೆ ಮುಗಿದಂತೆ. ಆ ಗಂಟೆ ಆಗುವ ತನಕ ದೊಡ್ಡವರು ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ, ಯಾರೂ ಯಾರನ್ನೂ ಕೂಗುವಂತಿಲ್ಲ. ಮಗಳಿಗೆ ಮಾತ್ರ ಒಂದು ಲೋಟ ಹಾಲಿನ ರಿಯಾಯಿತಿ. ಗಂಟೆ ಕೇಳಿದ ಕೂಡಲೇ ನಾನು ಹಂಚು ಇಡಬೇಕು, ನಮ್ಮನೆಯವರು ಉಂಡು ಹೋಗಿ ಕೊಟ್ಟೂರು ರಸ್ತೆಯಲ್ಲಿರುವ ನಮ್ಮ ಹಿಟ್ಟಿನ ಗಿರಣಿ ಶುರು ಮಾಡಬೇಕು. ಪೂಜೆ ಅಂದರೆ ಹೆಚ್ಚು ಕಡಿಮೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನಾನು ಹಿಟ್ಟು ಕಲಸಿಟ್ಟು, ಒಲೆಯ ಮುಂದೆ ಸುಮ್ಮನೆ ಕೂತು, ಹೊಟ್ಟೆ ಚುರುಗುಟ್ಟುವುದನ್ನು ಕೇಳುತ್ತಿದ್ದೆ.

ಇನ್ನು ನನ್ನ ಕಥೆ. ನಾನು ಹತ್ತನೇ ತರಗತಿ ಫೇಲು. ಬೇರೆ ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಹೋಯಿತು. ಮತ್ತೆ ಕಟ್ಟುತ್ತೇನೆ ಎಂದು ಹೇಳುವಷ್ಟರಲ್ಲಿ ಮದುವೆಯಾಯಿತು. ಆಮೇಲೆ ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿಯಾದೆ. ಸಹಾಯಕಿ ಎಂದರೆ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಬರುವವಳು, ಮೂಗು ಒರೆಸುವವಳು, ಉಪ್ಪಿಟ್ಟು ಬೇಯಿಸುವವಳು. ಟೀಚರು ಕೂಡ್ಲಿಗಿಗೆ ಮೀಟಿಂಗಿಗೆ ಹೋದ ದಿನ ಹಾಡು, ಕಥೆ, ಅ ಆ ಇ ಈ ಎಲ್ಲ ನನ್ನದೇ. ಅಂಥ ಒಂದು ದಿನ ಹೊಸದಾಗಿ ಸೇರಿದ್ದ ಒಂದು ಹುಡುಗಿ ನನ್ನ ಸೆರಗು ಹಿಡಿದು ಟೀಚರ್ ಎಂದಳು. ಪಕ್ಕದಲ್ಲಿ ಕೂತಿದ್ದ ಇನ್ನೊಂದು, ಅದಕ್ಕೂ ನಾಲ್ಕೇ ವರ್ಷ, ಆಕಿ ಟೀಚರ್ ಅಲ್ಲ ಆಯಾ ಎಂದು ತಿದ್ದಿತು. ಮಗು ಸುಳ್ಳು ಹೇಳಲಿಲ್ಲ. ಆದರೂ ಆವತ್ತು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ನಮ್ಮ ಟೀಚರು ಒಳ್ಳೆಯವರು. ತಾವು ಎರಡು ವರ್ಷಕ್ಕೆ ನಿವೃತ್ತಿ ಆಗುವುದಾಗಿಯೂ, ಅಷ್ಟರೊಳಗೆ ಹತ್ತನೇದು ಪಾಸು ಮಾಡಿಕೊಂಡರೆ ಆ ಜಾಗಕ್ಕೆ ನಾನು ಅರ್ಜಿ ಹಾಕಬಹುದೆಂದೂ ಅವರೇ ಹೇಳಿದರು. ಅಂದರೆ ನನಗಿದ್ದದ್ದು ಎರಡೇ ಪರೀಕ್ಷೆ. ಎರಡರಲ್ಲೂ ಹೋದರೆ ಬೇರೆ ಯಾರೋ ಬಂದು ಟೀಚರ್ ಕುರ್ಚಿಯಲ್ಲಿ ಕೂರುತ್ತಾರೆ, ನಾನು ಜನ್ಮವಿಡೀ ಉಪ್ಪಿಟ್ಟು ತಿರುವಬೇಕು.

ಸರಿ, ಶಿಸ್ತು ತಂದುಕೊಳ್ಳಬೇಕು ಎಂದು ತೀರ್ಮಾನಿಸಿದೆ. ಮಗಳ ಸ್ಕೆಚ್ ಪೆನ್ನು ಇಸಿದುಕೊಂಡು, ದೊಡ್ಡ ಹಾಳೆಯಲ್ಲಿ ನಾಲ್ಕು ಬಣ್ಣದ ಟೈಂಟೇಬಲ್ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಸಂಜೆ ಐದರಿಂದ ಆರು ಬೀಜಗಣಿತ, ಆರರಿಂದ ಏಳು ರೇಖಾಗಣಿತ. ಬರೆಯಲಿಕ್ಕೆ ಎರಡು ದಿನ ಹಿಡಿಯಿತು, ಪಾಲಿಸಿದ್ದು ಮೂರು ದಿನ. ಐದಕ್ಕೆ ಪುಸ್ತಕ ತೆಗೆದರೆ ಯಾರೋ ಕುಂಕುಮಕ್ಕೆ ಬರುವರು. ಆರಕ್ಕೆ ತೆಗೆದರೆ ನಲ್ಲಿಯಲ್ಲಿ ನೀರು ಬರುವುದು. ನೀರು ಬರದ ದಿನ ನನಗೇ ನಿದ್ದೆ ಬರುವುದು. ಟೈಂಟೇಬಲ್ಲಿಗೆ ಒಗ್ಗರಣೆ ಸಿಡಿದು ರೇಖಾಗಣಿತ ಕಾಣದಂತಾಯಿತು. ನಮ್ಮನೆಯವರು ಉಣ್ಣುತ್ತಾ ಅದನ್ನು ನೋಡಿ, ಚಿತ್ರ ಚೆನ್ನಾಗಿದೆ ಎಂದರು. ಆ ಬೇಸಿಗೆಯ ಪರೀಕ್ಷೆಯಲ್ಲಿ ನನಗೆ ಬಂದದ್ದು ಹತ್ತೊಂಬತ್ತು ಅಂಕ.

ಫಲಿತಾಂಶ ಬಂದ ದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕಣ್ಣೀರು ಹಾಕಿದೆ. ನಾನು ಅಳುತ್ತಿದ್ದೇನೆ ಎಂದು ಕಲಾಯಿ ಹೋಗುವಂತೆ ತಿಕ್ಕಿದ ಪಾತ್ರೆಗಳೇ ಹೇಳುತ್ತಿದ್ದವು. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಕಲ್ಲು ಮನಸ್ಸಿನವರು ಅಂದುಕೊಂಡೆ. ಮಾರನೇ ದಿನ ಬೆಳಗ್ಗೆ ಪೂಜೆಗೆ ಕೂರುವ ಮೊದಲು ನನ್ನನ್ನು ಕರೆದರು.

“ನಾ ಪೂಜಿಗೆ ಕುಂತಾಗ ನೀ ಏನ್ ಮಾಡ್ತಿ?”

ಏನೂ ಇಲ್ಲ, ಸುಮ್ಮನೆ ಕೂತಿರುತ್ತೇನೆ ಎಂದೆ.

“ಹಂಗಾದ್ರ ಆವಾಗ ಓದು. ಪೂಜ್ಯಾಗ ಈ ಮನ್ಯಾಗ ಯಾರೂ ಯಾರನ್ನೂ ಕರೆಯಂಗಿಲ್ಲ.”

ಅಷ್ಟೇ ಮಾತು. ಒಲೆಯ ಎಡಕ್ಕೆ, ಕಿಟಕಿಯ ಕೆಳಗೆ ಕೂರು, ಅಲ್ಲಿ ಬೆಳಕಿದೆ ಎಂದು ಜಾಗವನ್ನೂ ತೋರಿಸಿ ಮಣೆಗೆ ಹೋಗಿ ಕೂತರು. ಇಪ್ಪತ್ತು ನಿಮಿಷದಲ್ಲಿ ಯಾವ ಪರೀಕ್ಷೆ ಪಾಸಾಗುತ್ತದೆ ಎಂದು ಮನಸ್ಸಿನಲ್ಲೇ ಗೊಣಗಿದೆ. ಆದರೂ ಮಗಳ ಹಳೇ ನೋಟುಬುಕ್ಕು ತೆಗೆದುಕೊಂಡು ಅಲ್ಲಿ ಕೂತೆ. ಬೇರೆ ಮಾಡಲಿಕ್ಕೆ ಏನಿತ್ತು?

ಮೊದಲನೇ ದಿನ ಒಂದು ಲೆಕ್ಕ. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಎರಡು. ದೀಪಾವಳಿ ಹೊತ್ತಿಗೆ ನಾಲ್ಕು. ಆ ದಿನದ ಲೆಕ್ಕಗಳೆಲ್ಲ ಮುಗಿದ ಮೇಲೆ ಕೊನೆಯ ಉತ್ತರದ ಕೆಳಗೆ ಎರಡು ಗೆರೆ ಎಳೆದು, ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಹಿಟ್ಟಿನ ಕೈಗೆ ಪೆನ್ಸಿಲ್ ಇಡಲು ಬೇರೆ ಜಾಗವಿರಲಿಲ್ಲ. ಸಿಕ್ಕಿಸಿಕೊಳ್ಳುವುದೇ ತಡ, ಒಳಗೆ ಗಂಟೆ ಆಗುತ್ತಿತ್ತು. ಒಂದು ದಿನವಲ್ಲ ಎರಡು ದಿನವಲ್ಲ, ದಿನಾ. ಇದನ್ನು ಕಂಡು ನನಗೆ ನನ್ನ ಮೇಲೇ ಗೌರವ ಹುಟ್ಟಿತು. ನೋಡು, ಶಿಸ್ತು ಎಂದರೆ ಇದು, ಗಂಟೆಗೆ ಸರಿಯಾಗಿ ಲೆಕ್ಕ ಮುಗಿಸುತ್ತೇನೆ ಎಂದು ಬೀಗಿದೆ. ಬೀಗಿದ್ದು ಸಾಲದು ಎಂದು ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತು ಭಾಷಣವನ್ನೂ ಮಾಡಿದೆ. ಮನಸ್ಸು ಮಾಡಿದರೆ ಮೈಗೇ ಗಡಿಯಾರ ಬರುತ್ತದೆ, ನನ್ನ ಪೆನ್ಸಿಲ್ಲಿಗೂ ಅತ್ತೆಯ ಗಂಟೆಗೂ ಒಂದು ಗಳಿಗೆ ಹಿಂದೆಮುಂದೆ ಆಗುವುದಿಲ್ಲ ಎಂದು ಹೇಳಿದೆ. ಸಂಘದವರು ಚಪ್ಪಾಳೆ ತಟ್ಟಿದರು. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಪೂಜೆ ಉದ್ದವಾಗುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ ಎಂದಲ್ಲ. ಏಳೂಇಪ್ಪತ್ತಕ್ಕೆ ಆಗುತ್ತಿದ್ದ ಗಂಟೆ ಏಳೂವರೆಗೆ ಹೋಯಿತು, ಆಮೇಲೆ ಏಳೂಮುಕ್ಕಾಲಿಗೆ. ನಮ್ಮನೆಯವರು ಅಡುಗೆಮನೆ ಬಾಗಿಲಿಗೆ ಬಂದು, ತಣ್ಣಗಿನ ಹಂಚನ್ನು ನೋಡಿ, ಮಾತಾಡುವಂತಿಲ್ಲವಾದ್ದರಿಂದ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿ ಹೋಗುತ್ತಿದ್ದರು. ಗಿರಣಿಯ ಮುಂದೆ ಜೋಳದ ಚೀಲ ಇಟ್ಟುಕೊಂಡು ಜನ ಕಾಯುತ್ತಿದ್ದರು. ಅತ್ತೆಗೆ ವಯಸ್ಸಾಯಿತು, ಕೈ ನಿಧಾನವಾಗಿದೆ ಎಂದು ನಾನು ಅಂದುಕೊಂಡೆ. ಕಾನಹೊಸಹಳ್ಳಿಗೆ ಕೊಟ್ಟ ನನ್ನ ನಾದಿನಿ ಫೋನು ಮಾಡಿದಾಗ, ನಿಮ್ಮವ್ವಗ ಇತ್ತೀಚೆಗೆ ದೇವರ ಹುಚ್ಚು ಜಾಸ್ತಿಯಾಗಿದೆ ಎಂದು ನಗಾಡಿದ್ದೂ ಉಂಟು.

ಎರಡನೇ ಪರೀಕ್ಷೆಗೆ ಇನ್ನೂ ತಿಂಗಳಿತ್ತು. ಆವತ್ತು ನಾನು ಮಾಡುತ್ತಿದ್ದದ್ದು ಕಾಳಿನ ರಾಶಿಯ ಲೆಕ್ಕ. ಶಂಕುವಿನ ಆಕಾರದ ರಾಶಿ, ಇಷ್ಟು ಅಗಲ, ಇಷ್ಟು ಎತ್ತರ, ಘನಫಲ ಎಷ್ಟು. ಗಿರಣಿಯವನ ಹೆಂಡತಿ, ದಿನಾ ಕಾಳಿನ ರಾಶಿ ನೋಡುವವಳು, ನನಗೆ ಅದು ಬರಲೊಲ್ಲದು. ಒಂದು ಸಲ ಮಾಡಿದರೆ ಒಂದು ಉತ್ತರ, ಇನ್ನೊಂದು ಸಲ ಮಾಡಿದರೆ ಇನ್ನೊಂದು. ಅಳಿಸಿ ಅಳಿಸಿ ಹಾಳೆ ತೂತಾಯಿತು. ನಮ್ಮನೆಯವರು ಮೂರು ಸಲ ಬಂದು ಹೊಟ್ಟೆ ತೋರಿಸಿ ಹೋದರು. ತಲೆ ಎತ್ತಿ ನೋಡಿದರೆ ಗಡಿಯಾರದಲ್ಲಿ ಎಂಟೂವರೆ. ಗಂಟೆಯೇ ಆಗಿಲ್ಲ! ಅತ್ತೆಗೆ ಬಿಪಿ ಇತ್ತು, ಬೆಳಗಿನ ಮಾತ್ರೆ ಉಂಡ ಮೇಲೆಯೇ ನುಂಗಬೇಕಿತ್ತು. ಕೂತಲ್ಲೇ ಏನಾದರೂ ಆಗಿಬಿಟ್ಟಿತೇ ಎಂದು ಪುಸ್ತಕ ಬಿಟ್ಟು ಬರಿಗಾಲಲ್ಲಿ ದೇವರ ಕೋಣೆಗೆ ಹೋದೆ.

ಬಾಗಿಲು ಅರ್ಧ ತೆರೆದಿತ್ತು. ವಿಭೂತಿ ತಟ್ಟೆ ಒರೆಸಿ ಬೋರಲು ಹಾಕಿತ್ತು. ಊದಿನಕಡ್ಡಿ ಎಂದೋ ಬೂದಿಯಾಗಿತ್ತು. ಲಿಂಗ ಕರಡಿಗೆಯೊಳಗೆ ಹೋಗಿ, ಕರಡಿಗೆ ಅತ್ತೆಯ ಕೊರಳಲ್ಲಿತ್ತು. ಅತ್ತೆ ಮಣೆಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತಿದ್ದರು. ಬಲಗೈಯಲ್ಲಿ ಗಂಟೆ. ಅದು ಸದ್ದು ಮಾಡದ ಹಾಗೆ ಅದರ ನಾಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. ಅವರು ಕೂತಲ್ಲಿಂದ ನೇರಕ್ಕೆ ಕಾಣುವುದು ಒಲೆಯ ಎಡಗಡೆ, ಕಿಟಕಿಯ ಕೆಳಗೆ, ನಾನು ಕೂರುವ ಜಾಗ. ನನ್ನನ್ನು ಕಂಡು ಅವರೇ ಗಾಬರಿಯಾದರು.

“ಯಾಕ ಎದ್ದಿ? ಪೆನ್ಸಿಲ್ ಇನ್ನೂ ಕೈಯಾಗ ಐತಿ.”

ನಾನು ಕೈ ನೋಡಿಕೊಂಡೆ. ಪೆನ್ಸಿಲ್ ಕೈಯಲ್ಲೇ ಇತ್ತು.

ನನ್ನ ಲೆಕ್ಕ ಗಂಟೆಗೆ ಸರಿಯಾಗಿ ಮುಗಿಯುತ್ತಿರಲಿಲ್ಲ. ಗಂಟೆಯೇ ನನ್ನ ಲೆಕ್ಕಕ್ಕೆ ಕಾಯುತ್ತಿತ್ತು. ಎಷ್ಟು ತಿಂಗಳಿಂದಲೋ. ಒಂದಕ್ಷರ ಬಾರದ ಹೆಂಗಸು, ನನ್ನ ಪುಸ್ತಕದಲ್ಲಿ ಏನಿದೆ ಎಂದು ತಿಳಿಯದವರು, ಪೆನ್ಸಿಲ್ ತುರುಬಿಗೆ ಏರುವುದನ್ನು ನೋಡಿಕೊಂಡು ಖಾಲಿ ಹೊಟ್ಟೆಯಲ್ಲಿ ಕೂತಿದ್ದರು. ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು. ನಾಚಿಕೆಯಾದಾಗ ನನಗೆ ಸಿಟ್ಟೇ ಬರುವುದು, ಏನು ಮಾಡಲಿ. ಇಷ್ಟು ಹೊತ್ತು ಮಾತ್ರೆ ಇಲ್ಲದೆ ಉಪವಾಸ ಕೂತು ನನ್ನನ್ನು ಪಾಸು ಮಾಡಿಸಬೇಕೇನ್ರಿ, ನಿಮಗೆ ಏನಾದರೂ ಆದರೆ ಊರವರು ಯಾರನ್ನು ಬೈಯುತ್ತಾರೆ ಎಂದು ದನಿ ಏರಿಸಿದೆ. ಪೂಜೆಯ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರಾದರೂ ದನಿ ಏರಿಸಿದ್ದು ಅದೇ ಮೊದಲು.

ಉಪವಾಸ ಯಾವುದು, ನಾನು ಪೂಜೆಯಲ್ಲೇ ಇದ್ದೆ ಎಂದರು ಅತ್ತೆ. ಲಿಂಗ ಆಗಲೇ ಕೊರಳಿಗೆ ಹೋಗಿದೆಯಲ್ಲ ಎಂದೆ. ಅವರು ಕರಡಿಗೆಯನ್ನು ಮುಟ್ಟಿಕೊಂಡರು. ತಪ್ಪು ಒಪ್ಪಿಕೊಳ್ಳುವವರ ಹಾಗೆ ಸಣ್ಣ ದನಿಯಲ್ಲಿ ಹೇಳಿದರು.

“ನನಗ ಲೆಕ್ಕ ಬರಂಗಿಲ್ಲ, ಓದಾಕ ಬರಂಗಿಲ್ಲ. ದಿನಾ ಒಂದ ಹೊತ್ತಿಗೆ ಒಂದ ಕಡಿ ಕುಂದರೋದು, ಅದೊಂದ ನನಗ ಬರತೈತಿ. ಅದನ್ನ ನಿನಗ ಕೊಟ್ಟೆ.”

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಹೊಸ್ತಿಲ ಮೇಲೆ ಕೂರಬಾರದು ಎಂದು ಅತ್ತೆ ಆವತ್ತು ಬೈಯಲಿಲ್ಲ. ಹಿಂದಿನಿಂದ ನಮ್ಮನೆಯವರು, ಇನ್ನಾದರೂ ಹಂಚು ಇಡುತ್ತೀರೋ ಇಲ್ಲವೋ ಎಂದು ಕೇಳಿದರು. ಅವರಿಗೆ ಈ ವಿಷಯ ಮೊದಲಿನಿಂದಲೂ ಗೊತ್ತಿತ್ತಂತೆ. ಹೇಳಿದರೆ ಮಣೆಯಿಂದ ಎದ್ದು ಬಂದು ಕಪಾಳಕ್ಕೆ ಹೊಡೆಯುತ್ತೇನೆ ಎಂದು ಅತ್ತೆ ಹೆದರಿಸಿದ್ದರಂತೆ. ನಲವತ್ತು ದಾಟಿದ ಮಗನಿಗೆ!

ಮಾರನೇ ದಿನ ನಾನು ಒಂದು ಮೋಸ ಮಾಡಿದೆ. ಮೂರೇ ಲೆಕ್ಕ ಮಾಡಿ, ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟು, ಏಳೂವರೆಗೇ ಪೆನ್ಸಿಲ್ ತುರುಬಿಗೆ ಸಿಕ್ಕಿಸಿದೆ. ಅತ್ತೆ ಬೇಗ ಉಣ್ಣಲಿ ಎಂದು. ಗಂಟೆ ಆಯಿತು. ನಾನು ಹಂಚು ಇಡುವಷ್ಟರಲ್ಲಿ ಅತ್ತೆ ಬಂದು, ಸೊಂಟಕ್ಕೆ ಕೈಕೊಟ್ಟು ಬಗ್ಗಿ, ನೆಲದ ಮೇಲಿದ್ದ ನೋಟುಬುಕ್ಕು ನೋಡಿದರು. ಅಂಕಿ ಗೊತ್ತಿಲ್ಲದಿದ್ದರೇನು, ಗೆರೆ ಗೊತ್ತಲ್ಲ. ಕೊನೆಯಲ್ಲಿ ಎರಡು ಗೆರೆ ಎಲ್ಲಿ ಎಂದು ಕೇಳಿದರು. ನಾನು ಏನೇನೋ ಸಬೂಬು ಹೇಳಿದೆ. ನನ್ನ ಹಸಿವು ನನಗೆ ಗೊತ್ತು, ನೀನು ನಿನ್ನ ಲೆಕ್ಕ ನೋಡಿಕೋ ಎಂದು ಹೇಳಿ ವಾಪಸು ಹೋಗಿ ಮಣೆಯ ಮೇಲೆ ಕೂತರು. ನಾನು ಹಂಚು ಇಳಿಸಿ, ಪೆನ್ಸಿಲ್ ಕಿತ್ತು, ನಾಲ್ಕನೇ ಲೆಕ್ಕ ಮುಗಿಸಿ, ಎರಡು ಗೆರೆ ಎಳೆದೆ. ಆವತ್ತು ನಮ್ಮ ಮನೆಯಲ್ಲಿ ಎರಡು ಸಲ ಗಂಟೆ ಆಯಿತು.

ಆ ಒಂದು ತಿಂಗಳು ನಾನು ಓದಿದ ಹಾಗೆ ಅದಕ್ಕೂ ಮುಂಚೆ ಓದಿಲ್ಲ, ಆಮೇಲೂ ಓದಿಲ್ಲ. ನಾನು ಕಿಟಕಿ ನೋಡುತ್ತಾ ಕಳೆಯುವ ಒಂದೊಂದು ನಿಮಿಷವೂ ಆ ಮಣೆಯ ಮೇಲೆ ಅತ್ತೆಯ ಹಸಿವು ಎಂದು ತಿಳಿದ ಮೇಲೆ ಕೈ ತಾನಾಗಿ ಓಡಿತು. ಗೋಡೆಯ ಮೇಲಿನ ನಾಲ್ಕು ಬಣ್ಣದ ಟೈಂಟೇಬಲ್ ಮಾಡಿಸಲಾಗದ ಕೆಲಸವನ್ನು ಗಂಟೆಯ ನಾಲಿಗೆ ಹಿಡಿದಿದ್ದ ಒಂದು ಹೆಬ್ಬೆರಳು ಮಾಡಿಸಿತು. ಹೊಸ ಲೆಕ್ಕಗಳನ್ನು ಹಿಂದಿನ ಮಧ್ಯಾಹ್ನವೇ ಅಂಗನವಾಡಿಯಲ್ಲಿ ಮಕ್ಕಳು ಮಲಗಿದಾಗ ಒಂದು ಸಲ ಮಾಡಿ ನೋಡಿಕೊಳ್ಳುತ್ತಿದ್ದೆ, ಬೆಳಗ್ಗೆ ತಡವಾಗಬಾರದೆಂದು. ಗಂಟೆ ಮತ್ತೆ ಏಳೂವರೆಗೆ ಬಂತು. ಮಹಿಳಾ ಸಂಘದಲ್ಲಿ ಮತ್ತೆ ಭಾಷಣ ಮಾಡು ಎಂದರು. ಒಲ್ಲೆ ಎಂದೆ.

ಪರೀಕ್ಷೆ ಕೊಟ್ಟೂರಿನಲ್ಲಿ. ಮಗಳಿಗಿಂತ ಸ್ವಲ್ಪ ದೊಡ್ಡವರಾದ ಹುಡುಗ ಹುಡುಗಿಯರ ನಡುವೆ ಸೀರೆ ಉಟ್ಟುಕೊಂಡು ಕೂತೆ. ಪ್ರಶ್ನೆಪತ್ರಿಕೆಯಲ್ಲಿ ರಾಶಿಯ ಲೆಕ್ಕ ಬಂದಿರಲಿಲ್ಲ, ಬೇರೆ ಏನೇನೋ ಬಂದಿದ್ದವು. ಬರೆದೆ. ಫಲಿತಾಂಶ ಬಂದಾಗ ಮಗಳು ಮೊಬೈಲಿನಲ್ಲಿ ನೋಡಿ ನಲವತ್ತೊಂದು ಎಂದಳು. ನಾನು ಓಡಿಹೋಗಿ ಹೇಳಿದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು. ನಲವತ್ತೊಂದು ಅಂದರೆ ಪಾಸೋ ಫೇಲೋ ಎಂದು ಕೇಳಿದರು. ಪಾಸು ಎಂದೆ. ಹಂಗಾರ ನಾಳಿಂದ ನಾನು ಹೊತ್ತಿಗೆ ಸರಿಯಾಗಿ ಉಣ್ಣಬಹುದು ಎಂದು ಹೇಳಿ ಮೊರ ಕೇರಿದರು. ಕೇರುವಾಗ ಮುಖ ತಿರುಗಿಸಿಕೊಂಡಿದ್ದರು.

ಟೀಚರ್ ಕೆಲಸ ಸಿಗುವುದಕ್ಕೆ ಇನ್ನೂ ಒಂದು ವರ್ಷ ಅರ್ಜಿ, ಕಚೇರಿ ಎಂದು ತಿರುಗಬೇಕಾಯಿತು. ಸಿಕ್ಕಿತು. ಈಗ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇದೆ. ಆಯಾ ಎಂದು ತಿದ್ದಿದ ಮಗು ಹೈಸ್ಕೂಲಿಗೆ ಹೋಗುತ್ತಿದೆ, ದಾರಿಯಲ್ಲಿ ಸಿಕ್ಕರೆ ಟೀಚರ್ ಎಂದು ಕರೆಯುತ್ತದೆ. ಮಗಳು ಹರಪನಹಳ್ಳಿಗೆ ಮದುವೆಯಾಗಿ ಹೋಗಿದ್ದಾಳೆ. ಒಲೆ ಹೋಗಿ ಗ್ಯಾಸು ಬಂದಿದೆ. ನಾನು ನಿಂತು ಅಡುಗೆ ಮಾಡುತ್ತೇನೆ, ಕಿಟಕಿಯ ಕೆಳಗಿನ ಜಾಗದಲ್ಲಿ ನೀರಿನ ಕೊಡ ಇಟ್ಟಿದ್ದೇವೆ.

ಅತ್ತೆ ಈಗಲೂ ಏಳಕ್ಕೆ ಪೂಜೆಗೆ ಕೂರುತ್ತಾರೆ. ಬೇರೆ ಬಹಳ ಮರೆತಿದ್ದಾರೆ. ಉಂಡದ್ದು ಮರೆಯುತ್ತಾರೆ, ಮಗನನ್ನು ಕೆಲವು ದಿನ ಭಾವ ಎಂದುಕೊಂಡು ತಲೆಗೆ ಸೆರಗು ಹೊದೆಯುತ್ತಾರೆ. ಪೂಜೆ ಮಾತ್ರ ಕೈಯಲ್ಲಿ ಉಳಿದಿದೆ. ಹೋದ ವರ್ಷ ಒಂದು ಬೆಳಗ್ಗೆ ಎಂಟಾದರೂ ಗಂಟೆ ಆಗಲಿಲ್ಲ. ಎಂಟೂಕಾಲಾದರೂ ಆಗಲಿಲ್ಲ. ಹೋಗಿ ನೋಡಿದೆ. ತಟ್ಟೆ ಬೋರಲು ಹಾಕಿತ್ತು, ಕರಡಿಗೆ ಕೊರಳಲ್ಲಿತ್ತು, ಮಣೆ ಬಾಗಿಲ ಕಡೆ ತಿರುಗಿತ್ತು. ಹೆಬ್ಬೆರಳು ಗಂಟೆಯ ನಾಲಿಗೆಯ ಮೇಲಿತ್ತು. ಅತ್ತೀ, ಗಂಟೆ ಬಾರಿಸಿರಿ ಎಂದೆ. ಅವರು ಯಾರೋ ನೆರೆಮನೆಯವಳನ್ನು ನೋಡುವಂತೆ ನನ್ನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟರು.

“ಸದ್ದ ಮಾಡಬ್ಯಾಡವ್ವ. ನನ್ನ ಸೊಸಿ ಲೆಕ್ಕ ಮಾಡಾಕ ಹತ್ಯಾಳ.”

ನಾನು ಹಿಂದಕ್ಕೆ ಬಂದೆ. ಕೊಡ ಸರಿಸಿದೆ. ಅಂಗನವಾಡಿಯ ಚೀಲದಿಂದ ನೋಟುಬುಕ್ಕೂ ಪೆನ್ಸಿಲ್ಲೂ ತೆಗೆದುಕೊಂಡು, ಮಂಡಿ ನೋವಿನಲ್ಲಿ ಮೆಲ್ಲಗೆ ಕಿಟಕಿಯ ಕೆಳಗೆ ಕೂತೆ. ಏನು ಬರೆಯಬೇಕೆಂದು ತೋಚಲಿಲ್ಲ. ರಾಶಿಯ ಲೆಕ್ಕ ಬರೆದೆ, ಇಷ್ಟು ಅಗಲ, ಇಷ್ಟು ಎತ್ತರ. ಕಣ್ಣು ಮಂಜಾಗಿ ಅಂಕಿ ಒಂದರ ಮೇಲೊಂದು ಬಿದ್ದವು, ಆದರೂ ಪೂರ್ತಿ ಮಾಡಿದೆ. ಕೆಳಗೆ ಎರಡು ಗೆರೆ ಎಳೆದು, ಪೆನ್ಸಿಲ್ ತುರುಬಿಗೆ ಸಿಕ್ಕಿಸಿದೆ. ಒಳಗೆ ಗಂಟೆ ಆಯಿತು.

ಅಂದಿನಿಂದ ದಿನಾ ಕೂರುತ್ತೇನೆ. ನನ್ನ ತುರುಬು ಈಗ ಸಣ್ಣದಾಗಿದೆ, ಪೆನ್ಸಿಲ್ ಜಾರುತ್ತದೆ, ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕು. ಒಂದೇ ಲೆಕ್ಕ ಮಾಡುತ್ತೇನೆ, ಬೇಗ ಮುಗಿಸುತ್ತೇನೆ, ಅವರಿಗೆ ಹಸಿವಾಗಿರುತ್ತದೆ. ಆದರೆ ಅರ್ಧಕ್ಕೆ ಬಿಡುವುದಿಲ್ಲ, ಅವರು ಎದ್ದು ಬಂದು ಗೆರೆ ನೋಡುತ್ತಾರೆ. ಆಮೇಲೆ ನಾನು ಹಂಚು ಇಟ್ಟು, ರೊಟ್ಟಿ ಬಡಿಯುತ್ತೇನೆ.